ಹೋಗಿ ಬರ್ತೀನಿ

ಹೋದ ವರ್ಷ ಜೂನ್‌ನಲ್ಲಿ ನನ್ನ ಹೆಂಡತಿಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಅವಳದು ಬ್ಯಾಂಕಿನ ಕೆಲಸ. ಅಲ್ಲಿಯ ತನಕ ದಾವಣಗೆರೆಯಲ್ಲೇ ಇದ್ದಳು, ಮನೆಯಿಂದ ಸ್ಕೂಟಿಯಲ್ಲಿ ಹತ್ತು ನಿಮಿಷ. ಮಧ್ಯಾಹ್ನ ಮನೆಗೆ ಬಂದು, ಮಗಳಿಗೆ ಹಾಲು ಕುಡಿಸಿ, ತಾನು ನಾಲ್ಕು ತುತ್ತು ಉಂಡು ಮತ್ತೆ ಓಡುತ್ತಿದ್ದಳು. ಮಗಳಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು.

ದುರ್ಗ ಇಲ್ಲಿಂದ ಸುಮಾರು 60 ಕಿಲೋಮೀಟರ್. ಅದೇನು ದೂರ ಅಂತ ಎಲ್ಲರೂ ಹೇಳಿದರು. ನಿಜ, ದಾವಣಗೆರೆ ಬೇರೆ ಜಿಲ್ಲೆ ಆಗಿದ್ದೇ 1997ರಲ್ಲಿ, ಅದಕ್ಕೂ ಮುಂಚೆ ನಮ್ಮಪ್ಪ ಜಿಲ್ಲಾ ಕಚೇರಿಯ ಕೆಲಸ ಏನಿದ್ದರೂ ದುರ್ಗಕ್ಕೇ ಹೋಗಬೇಕಿತ್ತು, ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು. ಆದರೆ ವರ್ಷಕ್ಕೆ ನಾಲ್ಕು ಸಲ ಹೋಗೋದು ಬೇರೆ, ದಿನಾ ಹೋಗೋದು ಬೇರೆ. ರೈಲು ಅಂದರೆ ಚಿಕ್ಕಜಾಜೂರಿನ ಮೇಲೆ ಸುತ್ತಿ ಹೋಗಬೇಕು. ದಾವಣಗೆರೆಯಿಂದ ದುರ್ಗದ ಮೇಲೆ ತುಮಕೂರಿಗೆ ನೇರ ರೈಲು ದಾರಿ ಆಗಬೇಕಿದೆ, ಅದು ಮುಗಿದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡುತ್ತೇವೆ. ಸದ್ಯಕ್ಕೆ ಬಸ್ಸೇ ಗತಿ. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ದುಡ್ಡಿಲ್ಲ, ತಿಂಗಳಿಗೆ ಅದು ಸಣ್ಣ ಉಳಿತಾಯವೇನಲ್ಲ. ಆದರೆ ಸೀಟು ಸಿಗೋದು ಅವತ್ತಿನ ಅದೃಷ್ಟ. ಏಳು ಮುಕ್ಕಾಲಿಗೆ ಮನೆ ಬಿಟ್ಟರೆ ವಾಪಸ್ ಬರೋದು ಸಂಜೆ ಏಳು ಕಾಲು.

ಅಲ್ಲೇ ಮನೆ ಮಾಡಬಹುದಿತ್ತಲ್ವಾ ಅಂತ ಕೇಳುವವರಿದ್ದಾರೆ. ನನ್ನ ಕೆಲಸ ಇಲ್ಲಿ, ಒಂದು ಆಡಿಟ್ ಆಫೀಸಿನಲ್ಲಿ, ಹತ್ತು ಗಂಟೆಗೆ ಶುರು. ಅವ್ವ ನಮ್ಮ ಜೊತೆ ಇದ್ದಾಳೆ, ಅವಳಿಗೆ ಮಂಡಿ ನೋವು, ಈ ಮನೆ ಈ ಬೀದಿ ಬಿಟ್ಟು ಬರೋಕೆ ಮನಸ್ಸಿಲ್ಲ. ಹಾಗಾಗಿ ಲೆಕ್ಕ ಹಾಕಿದೆವು. ಬೆಳಿಗ್ಗೆ ಏಳು ಮುಕ್ಕಾಲಿಂದ ಹತ್ತರ ತನಕ ಮಗಳು ನನ್ನ ಜವಾಬ್ದಾರಿ, ಆಮೇಲೆ ಅವ್ವನ ಹತ್ತಿರ. ಸಂಜೆ ಆರಕ್ಕೆ ನಾನು ಬಂದ ಮೇಲೆ ಮತ್ತೆ ನಾನು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೆರಿಗೆಗೆ ಅವಳಿಗೆ 26 ವಾರ ರಜೆ ಸಿಕ್ಕಿತ್ತು. 2017ರಲ್ಲಿ ಕಾನೂನು ತಿದ್ದುಪಡಿ ಆದಾಗಿನಿಂದ ಅಷ್ಟು ಸಿಗುತ್ತದೆ. ಸರ್ಕಾರಿ ನೌಕರಿಯ ಗಂಡಸಿಗೆ 15 ದಿನ ಇದೆ. ನನ್ನಂಥ ಖಾಸಗಿ ಕೆಲಸದವನಿಗೆ ಹಕ್ಕು ಅಂತ ಒಂದು ದಿನವೂ ಇಲ್ಲ. ನಾನು ನಾಲ್ಕು ದಿನ ಕೇಳಿ ತಗೊಂಡೆ. ಐದನೇ ದಿನ ಆಫೀಸಿನಲ್ಲಿ ಕೂತು ವೋಚರ್ ನೋಡುತ್ತಿದ್ದರೆ ಕೈಯಲ್ಲಿ ಇನ್ನೂ ಮಗುವಿನ ಎಣ್ಣೆ ವಾಸನೆ ಇತ್ತು. ಮಗಳ ಜೊತೆ ಸರಿಯಾಗಿ ಇರೋಕೆ ಸಿಕ್ಕಿದ್ದು ಈ ವರ್ಗಾವಣೆ ಆದ ಮೇಲೆಯೇ.

ಮೊದಲ ದಿನ ಅವ್ವ ಹೇಳಿದಳು: "ಕೂಸಿಗೆ ಕಣ್ತಪ್ಪಿಸಿ ಹೋಗಮ್ಮ. ಎದುರಿಗೆ ಹೋದರೆ ಹಟ ಹಿಡಿಯುತ್ತೆ." ಪಕ್ಕದ ಮನೆಯವರೂ ಅದನ್ನೇ ಹೇಳಿದರು. ನನ್ನ ಅಕ್ಕನೂ ಫೋನಿನಲ್ಲಿ ಅದನ್ನೇ ಹೇಳಿದಳು. ನಾವೂ ಹಾಗೇ ಮಾಡಿದೆವು. ಹಿಂದಿನ ರಾತ್ರಿಯೇ ಬ್ಯಾಗನ್ನು ಹೊರಗಿನ ಕಟ್ಟೆ ಮೇಲೆ ಇಟ್ಟಿರೋದು. ಚಪ್ಪಲಿಯನ್ನು ಹಿತ್ತಲ ಬಾಗಿಲಿಗೆ ಒಯ್ಯೋದು. ಏಳು ನಲವತ್ತಕ್ಕೆ ನಾನು ಮಗಳನ್ನು ಎತ್ತಿಕೊಂಡು ಮಾಳಿಗೆ ಹತ್ತೋದು. ಅಲ್ಲಿ ನೀರಿನ ಟ್ಯಾಂಕ್ ಇದೆ, ಪಾರಿವಾಳ ಬರುತ್ತವೆ, ಅವಳಿಗೆ ಅದೆಲ್ಲ ತುಂಬಾ ಇಷ್ಟ. ಪಾರಿವಾಳ ತೋರಿಸುತ್ತಾ ನಾನು ಕೆಳಗೆ ಗೇಟಿನ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಸದ್ದಾದ ಮೇಲೆ ಹತ್ತು ನಿಮಿಷ ಬಿಟ್ಟು ಇಳಿಯುತ್ತಿದ್ದೆವು.

ಇಳಿದ ಮೇಲೆ ಅವಳು ಹುಡುಕುತ್ತಿದ್ದಳು. ಅಳುತ್ತಿರಲಿಲ್ಲ, ಹುಡುಕುತ್ತಿದ್ದಳು. ಮೊದಲು ಅಡಿಗೆಮನೆ. ಆಮೇಲೆ ಬಚ್ಚಲ ಬಾಗಿಲು, ಅದನ್ನು ಅಂಗೈಯಲ್ಲಿ ಬಡಿಯೋಳು. ಆಮೇಲೆ ಮಂಚದ ಕೆಳಗೆ. ಕೊನೆಗೆ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಹೋಗಿ ಅಮ್ಮನ ಹಳೇ ಚಪ್ಪಲಿ ಒಂದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಆ ಚಪ್ಪಲಿ ಹಿಡಿದು ಕೂತಿದ್ದು ನೋಡಿದಾಗ ನನ್ನ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಗುತ್ತಿತ್ತು. ಆದರೂ ಅವ್ವ "ನೋಡಿದ್ಯಾ, ಅಳಲೇ ಇಲ್ಲ" ಅಂದರೆ ಸರಿ ಅಂದುಕೊಳ್ಳುತ್ತಿದ್ದೆ.

ಎರಡು ವಾರಕ್ಕೆ ಬೇರೆ ಶುರುವಾಯಿತು. ಸಂಜೆ ಅಮ್ಮ ಬಂದ ಮೇಲೆ ಅವಳನ್ನು ಬಿಡುತ್ತಲೇ ಇರಲಿಲ್ಲ. ಸ್ನಾನಕ್ಕೆ ಹೋದರೆ ಬಾಗಿಲ ಮುಂದೆ ಕಿರುಚಾಟ. ರಾತ್ರಿ ನಾಲ್ಕೈದು ಸಲ ಎದ್ದು ಕತ್ತಲಲ್ಲಿ ಕೈಯಾಡಿಸಿ ಅಮ್ಮನ ತಾಳಿ ಸರ ಸಿಕ್ಕಿದ ಮೇಲೆ ಅದನ್ನು ಮುಷ್ಟಿಯಲ್ಲಿ ಹಿಡಿದು ಮಲಗೋಳು. ಹೆಂಡತಿಗೆ ನಿದ್ದೆ ಇಲ್ಲ, ಬಸ್ಸಿನಲ್ಲಿ ನಿಂತುಕೊಂಡೇ ತೂಕಡಿಸುತ್ತಿದ್ದಳಂತೆ. ಒಂದು ದಿನ ಬೆಳಿಗ್ಗೆ ನಾನು "ಬಾ ಪುಟ್ಟಿ, ಪಾರಿವಾಳ ನೋಡೋಣ" ಅಂದ ಕೂಡಲೇ ಅವಳು ಜೋರಾಗಿ ಅಳಲು ಶುರು ಮಾಡಿ ಮೆಟ್ಟಿಲ ಕಂಬಿ ಹಿಡಿದುಕೊಂಡಳು. ಅವಳಿಗೆ ಗೊತ್ತಾಗಿತ್ತು. ಮಾಳಿಗೆ ಹತ್ತಿದರೆ ಅಮ್ಮ ಕಾಣೆಯಾಗುತ್ತಾಳೆ. ಕರ್ಕೊಂಡು ಹೋಗೋದು ಅಪ್ಪ. ಅವತ್ತು ನನಗೆ ಬಂದ ಸಂಕಟ ಇನ್ನೂ ನೆನಪಿದೆ.

ಅದೇ ತಿಂಗಳು ಅವಳ ಒಂದೂವರೆ ವರ್ಷದ ಹೊತ್ತಿನ ಲಸಿಕೆ ಇತ್ತು. 16ರಿಂದ 24 ತಿಂಗಳ ಒಳಗೆ ಡಿಪಿಟಿ ಬೂಸ್ಟರ್ ಮತ್ತು ದಡಾರ-ರುಬೆಲ್ಲಾದ ಎರಡನೇ ಡೋಸ್ ಹಾಕಿಸಬೇಕು. ಹೆಂಡತಿ ಅರ್ಧ ದಿನ ರಜೆ ಹಾಕಿ ಬಂದಳು. ಸೂಜಿ ಚುಚ್ಚಿದ್ದು ಮುಗಿದ ಮೇಲೆ ನಾನು ಡಾಕ್ಟರಿಗೆ ರಾತ್ರಿ ಎದ್ದೇಳೋದರ ಬಗ್ಗೆ ಹೇಳಿದೆ. ಹೊಟ್ಟೆನೋವೇನಾದರೂ ಇರಬಹುದಾ ಅಂತ. ಅವರು ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಅಮ್ಮ ಹೇಳಿ ಹೋಗ್ತಾರಾ, ಹೇಳದೇ ಹೋಗ್ತಾರಾ?"

ಹೇಳದೇ ಅಂದೆವು.

ಅವರು ಬಿಡಿಸಿ ಹೇಳಿದರು. ಮಗುವಿಗೆ ಎಂಟೊಂಬತ್ತು ತಿಂಗಳಾಗುವ ಹೊತ್ತಿಗೆ ಅಮ್ಮ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾಳೆ ಅನ್ನೋದು ತಿಳಿಯುತ್ತದೆ. ಆದರೆ ಯಾವಾಗ ಬರುತ್ತಾಳೆ ಅನ್ನೋದು ತಿಳಿಯುವುದಿಲ್ಲ. ಆ ಎರಡರ ನಡುವಿನ ಭಯವೇ ಈ ಅಂಟಿಕೊಳ್ಳೋದು. ಒಂದೂವರೆ ವರ್ಷದ ಆಸುಪಾಸಿನಲ್ಲಿ ಇದು ಜಾಸ್ತಿ ಇರುತ್ತದೆ, ಮೂರರ ಹೊತ್ತಿಗೆ ಕಮ್ಮಿಯಾಗುತ್ತಾ ಬರುತ್ತದೆ. ಕದ್ದು ಹೋದರೆ ಅವತ್ತಿನ ಅಳು ತಪ್ಪುತ್ತದೆ, ಆದರೆ ಅಮ್ಮ ಯಾವ ಕ್ಷಣದಲ್ಲಾದರೂ ಮಾಯವಾಗಬಹುದು ಅಂತ ಮಗು ದಿನವಿಡೀ ಕಾವಲು ಕಾಯುತ್ತದೆ. ಹೇಳಿ ಹೋಗಿ, ದಿನಾ ಒಂದೇ ರೀತಿ ಹೇಳಿ, ಚಿಕ್ಕದಾಗಿ ಹೇಳಿ, ಹೇಳಿದ ಮೇಲೆ ನಿಲ್ಲಬೇಡಿ, ಅತ್ತರೂ ವಾಪಸ್ ಬರಬೇಡಿ. ಇಷ್ಟೇ ಅವರು ಹೇಳಿದ್ದು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಒಪ್ಪಲಿಲ್ಲ. ನಾನೂ ಮಾತು ಬೆಳೆಸಲಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ ಒಂದು ನೆನಪಾಯಿತು. ನಾನು ಪ್ರೈಮರಿ ಶಾಲೆಗೆ ಹೋಗುವಾಗ ಬಾಗಿಲಲ್ಲಿ ನಿಂತು "ಅವ್ವಾ, ಹೋಗ್ತೀನಿ" ಅಂದರೆ ಅವ್ವ ಒಳಗಿನಿಂದ ಓಡಿ ಬಂದು ತಡೆಯುತ್ತಿದ್ದಳು. ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನು. ಅಂದ ಮೇಲೇ ಹೊರಗೆ ಬಿಡೋಳು. ಬಸ್ಸು ತಪ್ಪಿದರೂ ಸರಿ. ನಮ್ಮ ಕಡೆ ದೀಪ ಆರಿತು ಅನ್ನೋದಿಲ್ಲ, ದೊಡ್ಡದಾಯಿತು ಅನ್ನುತ್ತೇವೆ. ಹಾಗೇ ಹೊರಡುವವರು ಯಾರೂ ಬರೀ ಹೋಗುವುದಿಲ್ಲ, ಹೋಗಿ ಬರುತ್ತಾರೆ. ಅಪರೂಪಕ್ಕೆ ಬಂದ ನೆಂಟರೂ ಎದ್ದು ನಿಂತು "ಬರ್ತೀವಿ" ಅನ್ನುತ್ತಾರೆ.

"ಅವ್ವ, ನೀನೇ ಕಲಿಸಿದ್ದಲ್ವಾ ಇದು" ಅಂದೆ. "ಆ ಮಾತನ್ನೇ ಕೂಸಿಗೆ ಹೇಳಿ ಹೋಗಲಿ ಬಿಡು."

ಅವ್ವ ಸ್ವಲ್ಪ ಹೊತ್ತು ರೊಟ್ಟಿ ಮುರಿಯುತ್ತಾ ಕೂತಳು. ಆಮೇಲೆ "ಹೇಳಲಿ. ಆದ್ರೆ ಕೂಸು ಅತ್ತರೆ ನಾನು ನೋಡಲ್ಲ, ಒಳಗೆ ಹೋಗಿಬಿಡ್ತೀನಿ" ಅಂದಳು. ಹಾಗೇ ಮಾಡಿದಳು ಕೂಡ. ಮೊದಲ ವಾರ ಏಳು ನಲವತ್ತೈದಾಗುತ್ತಿದ್ದ ಹಾಗೆ ದೇವರ ಕೋಣೆಗೆ ಹೋಗಿ ಗಂಟೆ ಬಾರಿಸುತ್ತಿದ್ದಳು.

ಮೊದಲ ದಿನ ಭಯಂಕರವಾಗಿತ್ತು. ಹೆಂಡತಿ ಮಗಳ ಮುಂದೆ ಮಂಡಿಯೂರಿ ಕೂತು, ಬ್ಯಾಗ್ ತೋರಿಸಿ, ಚಪ್ಪಲಿ ಅವಳ ಕಣ್ಣೆದುರೇ ಹಾಕಿಕೊಂಡು, "ಪುಟ್ಟಿ, ಅಮ್ಮ ಹೋಗಿ ಬರ್ತೀನಿ, ಸಂಜೆ ಬೀದಿ ದೀಪ ಹತ್ತಿದ ಮೇಲೆ ಬರ್ತೀನಿ" ಅಂದಳು. ಕೆನ್ನೆಗೆ ಮುತ್ತು ಕೊಟ್ಟಳು. ಗೇಟು ತೆಗೆದಳು. ಮಗಳು ನನ್ನ ತೋಳಿನಿಂದ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಕಿರುಚಿದ ಕಿರುಚಿಗೆ ಎದುರು ಮನೆಯವರು ಹೊರಗೆ ಬಂದರು. ಹೆಂಡತಿ ತಿರುಗಿ ನೋಡಲಿಲ್ಲ. ಬೀದಿಯ ತಿರುವಿನಲ್ಲಿ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದು ನನಗೆ ಕಾಣಿಸಿತು. ಬಸ್ಸು ಆನಗೋಡು ದಾಟುವಾಗ ಫೋನ್ ಮಾಡಿದಳು. ಆಗಲೂ ಮಗಳು ಬಿಕ್ಕುತ್ತಿದ್ದಳು. ಅವಳಿಗೆ ಅದು ಕೇಳಿಸದಿರಲಿ ಅಂತ ನಾನು ಬಚ್ಚಲ ನಲ್ಲಿ ತಿರುಗಿಸಿ ಮಾತಾಡಿದೆ. ಕೇಳಿಸಿರುತ್ತದೆ.

ಎರಡನೇ ದಿನವೂ ಅಷ್ಟೇ. ಮೂರನೇ ದಿನ ಇನ್ನೂ ಜಾಸ್ತಿ. ಬಿಟ್ಟುಬಿಡೋಣ ಅನ್ನಿಸಿತು. ನಾನು ಆಡಿಟ್ ಮಾಡುವವನು, ಲೆಕ್ಕ ಬರೆದಿಡೋದು ನನ್ನ ಅಭ್ಯಾಸ, ಅದಕ್ಕೆ ಕ್ಯಾಲೆಂಡರಿನಲ್ಲಿ ಅವಳು ಅತ್ತ ನಿಮಿಷ ಬರೆಯಲು ಶುರು ಮಾಡಿದೆ. 25. 25. 40. 20. 20. 15. ಎರಡನೇ ವಾರ 10, 8. ಆಮೇಲೆ ಎರಡನೇ ಶನಿವಾರ ಬಂತು. ಬ್ಯಾಂಕಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಭಾನುವಾರ ಸೇರಿ ಎರಡು ದಿನ ಅಮ್ಮ ಮನೆಯಲ್ಲೇ. ಸೋಮವಾರ ಮತ್ತೆ 30. ಆ ಸೋಮವಾರಗಳು ನಮಗೆ ಬಹಳ ದಿನ ಕಷ್ಟವೇ ಆಗಿದ್ದವು. ನಾಲ್ಕನೇ ವಾರದ ಒಂದು ಗುರುವಾರದ ಮನೆಯಲ್ಲಿ ನಾನು ಸೊನ್ನೆ ಬರೆದೆ. ಅವತ್ತು ಅವಳು ತುಟಿ ಕಚ್ಚಿಕೊಂಡು, ಗಲ್ಲ ನಡುಗುತ್ತಾ, ಕೈ ಎತ್ತಿ ಬೀಸಿದಳು. ಅಮ್ಮ ತಿರುವು ದಾಟಿದ ಮೇಲೆ ನನ್ನ ಹೆಗಲಿಗೆ ತಲೆ ಇಟ್ಟಳು. ಆ ಹಾಳೆ ಇನ್ನೂ ಹರಿದಿಲ್ಲ ನಾನು.

ರಾತ್ರಿ ಎದ್ದೇಳೋದೂ ಕಮ್ಮಿಯಾಯಿತು. ಸಂಜೆ ಬೀದಿ ದೀಪ ಹತ್ತಿದ ಕೂಡಲೇ ಗೇಟಿನ ಹತ್ತಿರ ಹೋಗಿ ನಿಲ್ಲೋದು ಶುರುವಾಯಿತು.

ಈಗ ನಮ್ಮ ಬೆಳಗಿನ ಬಗ್ಗೆ ಹೇಳಬೇಕು. ಅದು ನನ್ನ ದಿನದ ಅತಿ ಒಳ್ಳೆಯ ಭಾಗ. ಅಮ್ಮನನ್ನು ಕಳಿಸಿದ ಮೇಲೆ ಮೊದಲು ತಿಂಡಿ. ಒಂದು ವರ್ಷ ತುಂಬೋ ತನಕ ಅವ್ವ ಮಾಡಿದ ರಾಗಿ ಸರಿ ಇತ್ತು, ರಾಗಿ ನೆನೆಸಿ, ಬಟ್ಟೆ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಪುಡಿ ಮಾಡೋದು, ಎರಡು ಮೂರು ದಿನದ ಕೆಲಸ. ಈಗ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಅದರ ಮೇಲೆ ಬೆಲ್ಲ ಕಂಡರೆ ಮಾತ್ರ ಬಾಯಿ ತೆರೆಯುತ್ತಾಳೆ. ಭಾನುವಾರ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದರೆ ದೋಸೆ ನಮಗೆ, ಆಲೂಗಡ್ಡೆ ಪಲ್ಯ ಪೂರ್ತಿ ಅವಳಿಗೆ. ಸಂಜೆ ಮಂಡಕ್ಕಿ ಇರಲೇಬೇಕು, ಈ ಊರಲ್ಲಿ ಹುಟ್ಟಿದ ಮಗು ಅಲ್ವಾ. ಅದರಲ್ಲಿನ ಶೇಂಗಾ ಬೀಜ ಒಂದೊಂದಾಗಿ ಆರಿಸಿ ತೆಗೆದೇ ಕೊಡುತ್ತೇನೆ. ಇಷ್ಟು ಚಿಕ್ಕ ಮಕ್ಕಳಿಗೆ ಇಡೀ ಕಾಳು ಗಂಟಲಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ, ಇದನ್ನು ಮನೆಗೆ ಬರುವ ಎಲ್ಲರಿಗೂ ಹೇಳುತ್ತೇನೆ, ಬೇಜಾರಾದರೂ ಸರಿ.

ತಿಂಡಿ, ಸ್ನಾನ ಮುಗಿದ ಮೇಲೆ ರೈಲು. ನಮ್ಮ ಬೀದಿಯ ಕೊನೆಯಿಂದ ಐದು ನಿಮಿಷ ನಡೆದರೆ ಹಳಿ ಕಾಣುವ ಜಾಗ ಇದೆ. ಒಂಬತ್ತು ದಾಟಿದ ಮೇಲೆ ಬೆಂಗಳೂರಿನಿಂದ ವಂದೇ ಭಾರತ್ ಬರುತ್ತದೆ. ಅವಳಿಗೆ ಅದು "ಬಿಳಿ ಲೈಲು". ಮಧ್ಯಾಹ್ನದ ಮೇಲೆ ಅದೇ ಬಿಳಿ ರೈಲು ಹುಬ್ಬಳ್ಳಿ ಕಡೆಯಿಂದ ವಾಪಸ್ ಹೋಗುತ್ತದೆ. ರಜೆ ದಿನಗಳಲ್ಲಿ ನಾನು ಅವಳನ್ನು ಎರಡು ಹೊತ್ತೂ ಕರ್ಕೊಂಡು ಹೋಗುತ್ತಿದ್ದೆ. ಬೆಳಿಗ್ಗೆ ಹೋಗಿದ್ದು ಸಂಜೆಯೊಳಗೆ ಬಂತು ನೋಡು ಪುಟ್ಟಿ, ಅಂತ ತೋರಿಸೋದಕ್ಕೇ. ಅವಳಿಗೆ ಎಷ್ಟು ಅರ್ಥವಾಯಿತೋ. ಆದರೆ ಒಂದು ದಿನ ರೈಲಿನ ಕೊನೆಯ ಡಬ್ಬಿಗೆ ಕೈ ಬೀಸಿ "ಓಗಿ ಬಾ" ಅಂದಳು. ಎರಡು ಶಬ್ದ ಸೇರಿಸಿ ಅವಳು ಹೇಳಿದ ಮೊದಲ ಮಾತು ಅದು.

ಆ ಮಾತನ್ನು ನಾನು ಹೆಂಡತಿಗೆ ಹೇಳಲಿಲ್ಲ. ಅವಳ ಎದುರು ಹೇಳಿದಾಗ ಅದೇ ಮೊದಲು ಅಂದುಕೊಳ್ಳಲಿ, ಖುಷಿಪಡಲಿ ಅಂತ ಮುಚ್ಚಿಟ್ಟೆ. ಎರಡು ದಿನ ಆದ ಮೇಲೆ ಅವ್ವ ಬಾಯಿ ಬಿಟ್ಟಳು. ಹೆಂಡತಿ ಜಗಳ ಮಾಡಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತು ಹೇಳಿದಳು: "ನಾನು ನೋಡ್ಲಿಲ್ಲ ಅನ್ನೋದು ನಂಗೆ ಗೊತ್ತು. ಕೇಳೋದಾದ್ರೂ ಸಿಗ್ಲಿ. ನನ್ನ ಹತ್ರ ಕದ್ದು ಮುಚ್ಚಿ ಏನೂ ಮಾಡ್ಬೇಡಿ." ಮಗಳಿಗೆ ಮಾಡಿದ್ದನ್ನೇ ಹೆಂಡತಿಗೂ ಮಾಡುತ್ತಿದ್ದೆ. ಅವತ್ತಿನಿಂದ ಮಧ್ಯಾಹ್ನ ಒಂದೂವರೆಗೆ, ಅವಳ ಊಟದ ಹೊತ್ತಿಗೆ, ವಾಟ್ಸಾಪ್‌ನಲ್ಲಿ ದನಿ ಕಳಿಸುತ್ತೇನೆ. ಇವತ್ತು ಹೀಗೆ ಬಿದ್ದಳು, ಇಷ್ಟು ತಿಂದಳು, ಈ ಶಬ್ದ ಹೇಳಿದಳು, ಬೆಕ್ಕಿನ ಬಾಲ ಎಳೆದಳು. ಎಲ್ಲಾ.

ಒಂದು ಭಾನುವಾರ ಮೂವರೂ ದುರ್ಗಕ್ಕೆ ಹೋದೆವು. ಅಮ್ಮ ಹೋಗುವ ಜಾಗ ಎಂಥದ್ದು ಅಂತ ಮಗಳು ನೋಡಲಿ ಅನ್ನೋದು ಹೆಂಡತಿಯ ಯೋಚನೆ. ಅದೇ ಹೊತ್ತಿನ ಬಸ್ಸು ಹತ್ತಿದೆವು. ಆನಗೋಡು, ಭರಮಸಾಗರ, ಒಂದೊಂದು ಊರು ಬಂದಾಗಲೂ ಹೆಂಡತಿ "ಇಲ್ಲಿ ಅಮ್ಮ ನೀರು ಕುಡೀತಾಳೆ", "ಇಲ್ಲಿ ಅಮ್ಮಂಗೆ ಸೀಟು ಸಿಗುತ್ತೆ" ಅಂತ ತೋರಿಸುತ್ತಿದ್ದಳು. ದುರ್ಗ ಹತ್ತಿರ ಬಂದ ಮೇಲೆ ಗುಡ್ಡದ ಮೇಲೆ ಗಾಳಿ ಯಂತ್ರಗಳು ಕಂಡವು. ಮಗಳು ಕಿಟಕಿಗೆ ಮೂಗು ಒತ್ತಿ "ಫ್ಯಾನು" ಅಂದಳು. ಬ್ಯಾಂಕಿಗೆ ಬೀಗ ಹಾಕಿತ್ತು. ಹೆಂಡತಿ ಷಟರ್ ಮುಂದೆ ನಿಂತು "ಇಲ್ಲಿ ಅಮ್ಮ ಇರ್ತಾಳೆ" ಅಂದಳು. ಮಗಳು ಷಟರನ್ನು ಅಂಗೈಯಲ್ಲಿ ಬಡಿದಳು, ಬಚ್ಚಲ ಬಾಗಿಲು ಬಡಿದ ಹಾಗೆ. ಆಮೇಲೆ ಒಳಗೆ ಇರಬೇಕಾದ ಅಮ್ಮ ಪಕ್ಕದಲ್ಲೇ ಇದ್ದಾಳಲ್ಲ ಅಂತ ತಿರುಗಿ ನೋಡಿ ನಕ್ಕಳು.

ಕೋಟೆಗೂ ಹೋದೆವು. ಏಳು ಸುತ್ತು ಅವಳನ್ನು ಎತ್ತಿಕೊಂಡು ಹತ್ತಿದ್ದಕ್ಕೆ ಮರುದಿನ ನನ್ನ ಕಾಲು ಕಾಲಲ್ಲ. ಅವಳಿಗೆ ಕೋತಿಗಳದೇ ಧ್ಯಾನ. ಒನಕೆ ಓಬವ್ವನ ಕಿಂಡಿಯ ಹತ್ತಿರ ನಾನು ಸ್ವಲ್ಪ ಹೊತ್ತು ಕೂತೆ. ಚಿಕ್ಕವನಿದ್ದಾಗ ಆ ಕಥೆಯಲ್ಲಿ ನನಗೆ ಒನಕೆಯೇ ದೊಡ್ಡದಾಗಿ ಕಾಣುತ್ತಿತ್ತು. ಈ ಸಲ ಬೇರೆ ಕಂಡಿತು. ಕಾವಲಿನ ಗಂಡ ಮನೆಗೆ ಊಟಕ್ಕೆ ಬಂದಿದ್ದಾನೆ. ಅವಳು ನೀರು ತರಲು ಹೋಗಿದ್ದಾಳೆ. ಸದ್ದು ಕೇಳಿದಾಗ ಉಣ್ಣುವವನನ್ನು ಎಬ್ಬಿಸದೆ ತಾನೇ ಅವನ ಜಾಗದಲ್ಲಿ ನಿಂತಳು. ಒಬ್ಬರು ಉಣ್ಣುವಾಗ ಇನ್ನೊಬ್ಬರು ನಿಲ್ಲೋದು. ನಮ್ಮ ಮನೆಯಲ್ಲೂ ರಾತ್ರಿ ಹೀಗೇ ಅಲ್ವಾ ನಡೆಯೋದು ಅನ್ನಿಸಿತು. ಹೆಂಡತಿ ಬಿಸಿ ಅನ್ನ ಉಣ್ಣಲಿ ಅಂತ ನಾನು ಮಗಳನ್ನು ಎತ್ತಿಕೊಂಡು ಅಂಗಳದಲ್ಲಿ ಓಡಾಡುತ್ತಿರುತ್ತೇನೆ. ಅವಳು ಕೈ ತೊಳೆದು ಬಂದು ಮಗಳನ್ನು ತಗೊಂಡರೆ ನನ್ನ ಸರದಿ.

ಅವತ್ತಿನಿಂದ ಮಗಳಿಗೆ "ದುಗ್ಗ" ಒಂದು ಜಾಗ ಆಯಿತು. ಅಮ್ಮ ಎಲ್ಲಿ ಅಂದರೆ ದಕ್ಷಿಣವೋ ಉತ್ತರವೋ, ಯಾವುದೋ ಒಂದು ಕಡೆಗೆ ಬೆರಳು ಮಾಡಿ "ದುಗ್ಗ, ಫ್ಯಾನು" ಅನ್ನುತ್ತಾಳೆ.

ಈಗ ಅವಳಿಗೆ ಎರಡೂವರೆ ದಾಟಿದೆ. ಸೆಪ್ಟೆಂಬರ್ ನಮ್ಮ ಆಫೀಸಿನಲ್ಲಿ ಕೆಲಸ ಜಾಸ್ತಿ ಇರೋ ತಿಂಗಳು. ಹೋದ ವಾರ ಮೂರು ದಿನ ಬಳ್ಳಾರಿಗೆ ಹೋಗಬೇಕಾಗಿ ಬಂತು. ಅವಳು ಹುಟ್ಟಿದ ಮೇಲೆ ನಾನು ರಾತ್ರಿ ಮನೆ ಬಿಟ್ಟು ಇದ್ದಿದ್ದೇ ಇಲ್ಲ. ಬೆಳಿಗ್ಗೆ ಐದೂವರೆಗೆ ಹೊರಡಬೇಕಿತ್ತು. ಅವಳು ಮಲಗಿರುತ್ತಾಳೆ, ಸುಮ್ನೆ ಹೋಗಿಬಿಡಲಾ ಅಂತ ಒಂದು ಕ್ಷಣ ಅನ್ನಿಸಿತು. ಹೆಂಡತಿ ನನ್ನ ಮುಖ ನೋಡಿದಳು. ಏನೂ ಹೇಳದೆ ಒಳಗೆ ಹೋಗಿ ಮಗಳನ್ನು ಎಬ್ಬಿಸಿ ಎತ್ತಿಕೊಂಡು ಬಂದಳು.

ಗೇಟಿನ ಹತ್ತಿರ ಇನ್ನೂ ಕತ್ತಲಿತ್ತು. ಮಗಳು ಅಮ್ಮನ ಸೊಂಟದ ಮೇಲೆ, ಕಣ್ಣು ಅರ್ಧ ಮುಚ್ಚಿಕೊಂಡು. ನಾನು ಬ್ಯಾಗ್ ತೋರಿಸಿದೆ. ಚಪ್ಪಲಿ ಅವಳೆದುರೇ ಹಾಕಿಕೊಂಡೆ. ಆಟೋದವನು ಹಾರನ್ ಹೊಡೆಯುತ್ತಿದ್ದ, ಅವಸರದಲ್ಲಿ "ಪುಟ್ಟಿ, ಅಪ್ಪ ಹೋಗ್ತೀನಿ" ಅಂದುಬಿಟ್ಟೆ.

ಅವಳು ಕೈ ಬೀಸಲಿಲ್ಲ. ಕಣ್ಣು ಪೂರ್ತಿ ತೆರೆದು ನನ್ನನ್ನೇ ನೋಡಿದಳು. ಆಮೇಲೆ ಕೈ ಚಾಚಿ ನನ್ನ ಅಂಗಿಯ ಗುಂಡಿ ಹಿಡಿದುಕೊಂಡಳು.

"ಬತ್ತೀನಿ ಅನ್ನು" ಅಂದಳು.

ಅಂದೆ. ಆಮೇಲೆ ಗುಂಡಿ ಬಿಟ್ಟಳು.